ಗಣಕಯಂತ್ರ ವಿಧಿವಿಜ್ಞಾನದ ಅರ್ಹತಾಪತ್ರ: ತಾಲ್ಲೂಕು ವರ್ತಕರಿಗೆ ಅದರ ಅಗತ್ಯವೇನು?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ತಾಳಗುಂದಗಳಲ್ಲಿಯೂ ಸೊರಬ ತಾಲ್ಲೂಕಿನ ಅನೇಕ ಗ್ರಾಮಗಳಲ್ಲಿಯೂ ಇಂದಿಗೂ ಶಿಲಾಶಾಸನಗಳು ನಿಂತಿವೆ. ಕಲ್ಲಿನಲ್ಲಿ ಕೆತ್ತಿದ ಅಕ್ಷರವನ್ನು ಯಾರಾದರೂ ತಿದ್ದಿದರೆ ತಿದ್ದಿದ ಗುರುತು ಉಳಿಯುತ್ತದೆ. ಆದ್ದರಿಂದಲೇ ಅದಕ್ಕೆ ಬೆಲೆ. ಆದರೆ ಕನ್ನಡ ನಾಡಿನ ವರ್ತಕರು ದಿನನಿತ್ಯದ ಲೆಕ್ಕಕ್ಕೆ ಬಳಸುತ್ತಿದ್ದುದು ಕಡತವನ್ನು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು.

ಇಂದಿನ ಗಣಕೀಕೃತ ಲೆಕ್ಕಪುಸ್ತಕವು ಈ ದೃಷ್ಟಿಯಲ್ಲಿ ಕಡತದ ಜಾತಿಗೇ ಸೇರಿದ್ದು. ಹಿಂದಿನ ದಿನಾಂಕಕ್ಕೆ ಹೊಸ ನಮೂದು ಹಾಕುವುದು, ಹಳೆಯ ಮೊತ್ತವನ್ನು ಬದಲಿಸುವುದು, ಒಂದು ಬಿಲ್ಲನ್ನೇ ಅಳಿಸುವುದು ಕ್ಷಣಮಾತ್ರದ ಕೆಲಸ. ಮುದ್ರಿಸಿದ ಹಾಳೆಯನ್ನು ಮಾತ್ರ ನೋಡಿದವರಿಗೆ ಅದು ತಿಳಿಯುವುದಿಲ್ಲ. ನ್ಯಾಯಾಲಯವಾದರೋ ಶಾಸನದ ಭದ್ರತೆಯನ್ನು ನಿರೀಕ್ಷಿಸುತ್ತದೆ. ಈ ಅಂತರವನ್ನು ತುಂಬುವ ವಿದ್ಯೆಯೇ ಗಣಕಯಂತ್ರ ವಿಧಿವಿಜ್ಞಾನ, ಅಂದರೆ ಕಂಪ್ಯೂಟರ್ ಫೊರೆನ್ಸಿಕ್ಸ್. ಇದು ಪೊಲೀಸರಿಗೂ ಬೆಂಗಳೂರಿನ ದೊಡ್ಡ ಕಂಪನಿಗಳಿಗೂ ಸಂಬಂಧಿಸಿದ ವಿಷಯವೆಂಬ ಭಾವನೆ ವರ್ತಕರಲ್ಲಿ ಸಾಮಾನ್ಯವಾಗಿದೆ. 2024ರ ಜುಲೈ 1ರಿಂದ ಆ ಭಾವನೆಗೆ ಆಧಾರವಿಲ್ಲದಂತಾಗಿದೆ.

ಕಾನೂನಿನ ಬದಲಾವಣೆ

1872ರ ಭಾರತೀಯ ಸಾಕ್ಷ್ಯ ಅಧಿನಿಯಮಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮೂಲಕ 65ಬಿ ಕಲಂ ಸೇರ್ಪಡೆಯಾಯಿತು. ಗಣಕಯಂತ್ರದಿಂದ ತೆಗೆದ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಆ ಯಂತ್ರದ ಹೊಣೆ ಹೊತ್ತವರು ಒಂದು ಪ್ರಮಾಣಪತ್ರ ನೀಡಬೇಕೆಂಬುದು ಅದರ ಸಾರ. ಈ ಪ್ರಮಾಣಪತ್ರ ಕಡ್ಡಾಯವೇ ಅಲ್ಲವೇ ಎಂಬ ಬಗ್ಗೆ ಹಲವು ವರ್ಷ ಭಿನ್ನಾಭಿಪ್ರಾಯವಿತ್ತು. ಸರ್ವೋಚ್ಚ ನ್ಯಾಯಾಲಯವು 2014ರ ಸೆಪ್ಟೆಂಬರ್ 18ರಂದು ಅನ್ವರ್ ವಿರುದ್ಧ ಬಷೀರ್ ಪ್ರಕರಣದಲ್ಲಿ ಅದು ಕಡ್ಡಾಯವೆಂದು ಹೇಳಿತು. 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ದೃಢಪಡಿಸಿತು. ಮೂಲ ಯಂತ್ರವನ್ನೇ ಅದರ ಮಾಲೀಕರು ಸಾಕ್ಷಿಕಟ್ಟೆಗೆ ತಂದು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲವೆಂದೂ ಅದೇ ತೀರ್ಪು ತಿಳಿಸಿತು. ಆದರೆ ನಡೆಯುತ್ತಿರುವ ಅಂಗಡಿಯ ಗಣಕಯಂತ್ರವನ್ನು ನ್ಯಾಯಾಲಯದಲ್ಲಿ ಒಪ್ಪಿಸಿ ವ್ಯಾಪಾರ ಮಾಡುವುದು ಯಾವ ವರ್ತಕರಿಗೂ ಸಾಧ್ಯವಾಗದು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಈ ವಿಷಯ 63ನೇ ಕಲಂನಲ್ಲಿದೆ. ಹಿಂದಿನದಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಪ್ರಮಾಣಪತ್ರಕ್ಕೆ ಈಗ ಎರಡು ಸಹಿ ಬೇಕು. ಅಧಿನಿಯಮದ ಅನುಸೂಚಿಯಲ್ಲಿ ನಮೂನೆಯನ್ನೇ ಕೊಡಲಾಗಿದೆ. ಅದರ 'ಎ' ಭಾಗವನ್ನು ಯಂತ್ರದ ಅಥವಾ ವ್ಯವಹಾರದ ಹೊಣೆ ಹೊತ್ತವರು ತುಂಬಬೇಕು. ಯಂತ್ರ ತಮ್ಮ ನ್ಯಾಯಬದ್ಧ ಹತೋಟಿಯಲ್ಲಿತ್ತು, ಸರಿಯಾಗಿ ಕೆಲಸ ಮಾಡುತ್ತಿತ್ತು, ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಮಾಹಿತಿಯನ್ನು ಅದಕ್ಕೆ ತುಂಬಲಾಗುತ್ತಿತ್ತು ಎಂದು ಅವರು ದೃಢೀಕರಿಸಬೇಕು. 'ಬಿ' ಭಾಗವನ್ನು ತಜ್ಞರು ತುಂಬಬೇಕು. ಎರಡೂ ಭಾಗಗಳಲ್ಲಿ ಯಂತ್ರದ ತಯಾರಿಕೆ, ಮಾದರಿ, ಕ್ರಮಸಂಖ್ಯೆಗಳ ಜೊತೆಗೆ ದಾಖಲೆಯ 'ಹ್ಯಾಶ್' ಮೌಲ್ಯವನ್ನು ನಮೂದಿಸಿ, ಹ್ಯಾಶ್ ವರದಿಯನ್ನು ಲಗತ್ತಿಸಬೇಕು.

ಪ್ರಮಾಣಪತ್ರ ಇಲ್ಲದಿದ್ದರೆ ಆಗುವ ವಿಳಂಬಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. 2008ರ ಬೆಂಗಳೂರು ಸರಣಿ ಸ್ಫೋಟ ಪ್ರಕರಣದಲ್ಲಿ ವಶಪಡಿಸಿಕೊಂಡ ಲ್ಯಾಪ್‌ಟಾಪ್, ಪೆನ್‌ಡ್ರೈವ್ ಮೊದಲಾದವುಗಳನ್ನು ಹೈದರಾಬಾದಿನ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯವು ಪರೀಕ್ಷಿಸಿ 2010ರಲ್ಲಿ ವರದಿ ನೀಡಿತ್ತು. 65ಬಿ ಪ್ರಮಾಣಪತ್ರ ಮಾತ್ರ ದೊರೆತದ್ದು 2017ರಲ್ಲಿ. ಅದನ್ನು ತಡವಾಗಿ ಸ್ವೀಕರಿಸಲು ವಿಚಾರಣಾ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ ಒಪ್ಪಲಿಲ್ಲ. ಕೊನೆಗೆ 2023ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ಅನುಮತಿ ನೀಡಿತು. ಒಂದು ಹಾಳೆಯ ಪತ್ರಕ್ಕಾಗಿ ರಾಜ್ಯ ಸರ್ಕಾರವೇ ದೆಹಲಿಯವರೆಗೆ ಹೋಗಬೇಕಾಯಿತು. ಸಾಮಾನ್ಯ ವರ್ತಕರಿಗೆ ಅಷ್ಟು ಕಾಲವೂ ಇಲ್ಲ, ಅಷ್ಟು ಹಣವೂ ಇಲ್ಲ.

ಉದ್ರಿ ಬಾಕಿಯ ಒಂದು ದೃಷ್ಟಾಂತ

ಕಲ್ಪಿತ ದೃಷ್ಟಾಂತವೊಂದರಿಂದ ವಿಷಯ ಸ್ಪಷ್ಟವಾಗಬಹುದು. ಶಿರಾಳಕೊಪ್ಪದ ಧಾನ್ಯ ವರ್ತಕರೊಬ್ಬರು ಹೊರ ಜಿಲ್ಲೆಯ ಕೋಳಿ ಆಹಾರ ಕಾರ್ಖಾನೆಗೆ ಉದ್ರಿಯಾಗಿ ಮೆಕ್ಕೆಜೋಳ ಕಳುಹಿಸಿದ್ದಾರೆ. ಬೇಡಿಕೆ ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ, ಲೆಕ್ಕ ಇರುವುದು ಗಣಕಯಂತ್ರದಲ್ಲಿ. 11 ಲಕ್ಷ ರೂಪಾಯಿ ಬಾಕಿ ನಿಂತಿದೆ. ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ದಾವೆ ಹೂಡಿದಾಗ ಪ್ರತಿವಾದಿಯು, 'ಕೊನೆಯ ನಾಲ್ಕು ಲೋಡು ಬಂದೇ ಇಲ್ಲ, ನಮೂದುಗಳನ್ನು ಆಮೇಲೆ ಸೇರಿಸಲಾಗಿದೆ' ಎಂದು ವಾದಿಸುತ್ತಾರೆ.

ಅಡಿಕೆಯಂತಹ ತೆರಿಗೆ ಇರುವ ಸರಕಾಗಿದ್ದರೆ, 50,000 ರೂಪಾಯಿ ಮೀರಿದ ಸಾಗಣೆಗೆ ಇ-ವೇ ಬಿಲ್ ಇರುತ್ತಿತ್ತು. ಅದು ಸರ್ಕಾರದ ಸರ್ವರ್‌ನಲ್ಲಿರುವ ಸ್ವತಂತ್ರ ದಾಖಲೆ. ಆದರೆ ಸಡಿಲವಾಗಿ ಮಾರುವ ಮೆಕ್ಕೆಜೋಳ, ಭತ್ತ, ಹಸಿ ಶುಂಠಿಗಳಿಗೆ ಜಿಎಸ್‌ಟಿ ವಿನಾಯಿತಿ ಇದ್ದು, ಇ-ವೇ ಬಿಲ್ಲಿನ ಅಗತ್ಯವಿಲ್ಲ. ಹಾಗಾಗಿ ಈ ಎರಡು ತಾಲ್ಲೂಕುಗಳ ಪ್ರಮುಖ ಬೆಳೆಗಳಲ್ಲಿ ವ್ಯವಹರಿಸುವವರಿಗೆ ಸ್ವಂತ ಗಣಕಯಂತ್ರದ ಲೆಕ್ಕ, ತೂಕದ ಚೀಟಿ, ಲಾರಿ ರಸೀದಿ, ಮೊಬೈಲ್ ಸಂದೇಶ ಇವಿಷ್ಟೇ ಆಧಾರ. ತೆರಿಗೆ ಇಲ್ಲದ ಸರಕಿನ ವರ್ತಕರೇ ದಾಖಲೆಯ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕಾದ ಪರಿಸ್ಥಿತಿ ಇದು.

ಇದರ ಮೇಲೆ 28ನೇ ಕಲಂ ಇದೆ. ವ್ಯವಹಾರದ ಕ್ರಮದಲ್ಲಿ ನಿಯಮಿತವಾಗಿ ಇಟ್ಟ ಲೆಕ್ಕಪುಸ್ತಕದ ನಮೂದುಗಳು, ವಿದ್ಯುನ್ಮಾನ ರೂಪದವೂ ಸೇರಿ, ಸುಸಂಗತ ಸಾಕ್ಷ್ಯವೇ ಹೌದು. ಆದರೆ ಅವುಗಳಿಂದ ಮಾತ್ರವೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. ಆದ್ದರಿಂದ ಲೆಕ್ಕವೂ ಅದನ್ನು ಬೆಂಬಲಿಸುವ ಸಂದೇಶ, ಚೀಟಿಗಳೂ ಒಟ್ಟಾಗಿ ನಿಲ್ಲಬೇಕು. ವಾಟ್ಸ್‌ಆ್ಯಪ್ ಸಂದೇಶ, ಗಣಕೀಕೃತ ತೂಕಸೇತುವೆಯ ದಾಖಲೆ, ಸಿಸಿಟಿವಿ ದೃಶ್ಯ ಇವೆಲ್ಲವೂ ವಿದ್ಯುನ್ಮಾನ ದಾಖಲೆಗಳೇ. ಇವುಗಳ ಪ್ರತಿ ತೆಗೆದು ಸಲ್ಲಿಸುವಾಗಲೂ 63ನೇ ಕಲಂನ ಪ್ರಮಾಣಪತ್ರ ಬೇಕು. ಆಗ ಎದುರಾಗುವ ಪ್ರಶ್ನೆ: 'ಬಿ' ಭಾಗಕ್ಕೆ ಸಹಿ ಮಾಡುವ ತಜ್ಞರು ಶಿಕಾರಿಪುರದಲ್ಲಿ ಯಾರಿದ್ದಾರೆ? ಸೊರಬದಲ್ಲಿ ಯಾರಿದ್ದಾರೆ?

ತಜ್ಞರೆಂದರೆ ಯಾರು?

63ನೇ ಕಲಂ 'ತಜ್ಞ' ಎಂಬ ಪದವನ್ನು ಬಿಡಿಸಿ ಹೇಳಿಲ್ಲ. 39ನೇ ಕಲಂನ ಮೊದಲ ಉಪಕಲಂ ಪ್ರಕಾರ ವಿಜ್ಞಾನ, ಕಲೆ ಅಥವಾ ಇತರ ಯಾವುದೇ ಕ್ಷೇತ್ರದಲ್ಲಿ ವಿಶೇಷ ಪರಿಣತಿ ಉಳ್ಳವರು ತಜ್ಞರು. ಎರಡನೆಯ ಉಪಕಲಂ, ಮಾಹಿತಿ ತಂತ್ರಜ್ಞಾನ ಅಧಿನಿಯಮದ 79ಎ ಕಲಂ ಅಡಿ ಅಧಿಸೂಚಿತರಾದ 'ವಿದ್ಯುನ್ಮಾನ ಸಾಕ್ಷ್ಯ ಪರೀಕ್ಷಕ'ರ ಅಭಿಪ್ರಾಯವನ್ನು ಉಲ್ಲೇಖಿಸುತ್ತದೆ. 79ಎ ಕಲಂ ಅಡಿ ಕೇಂದ್ರ ಸರ್ಕಾರ ಅಧಿಸೂಚಿಸುವುದು ಕೇಂದ್ರ ಅಥವಾ ರಾಜ್ಯ ಸರ್ಕಾರದ ಇಲಾಖೆ, ಸಂಸ್ಥೆಗಳನ್ನು ಮಾತ್ರ. ಖಾಸಗಿ ವ್ಯಕ್ತಿ ಎಷ್ಟೇ ಓದಿದ್ದರೂ ಆ ಸ್ಥಾನ ಪಡೆಯುವಂತಿಲ್ಲ. ಅವರು ತಮ್ಮ ಪರಿಣತಿಯನ್ನು ಮೊದಲ ಉಪಕಲಂ ಪ್ರಕಾರವೇ ನ್ಯಾಯಾಲಯಕ್ಕೆ ಮನದಟ್ಟು ಮಾಡಬೇಕು.

ವೃತ್ತಿಪರ ಅರ್ಹತಾಪತ್ರದ ಬೆಲೆ ಇರುವುದು ಇಲ್ಲಿಯೇ. ಇಂಥದ್ದೇ ಅರ್ಹತಾಪತ್ರ ಇರಬೇಕೆಂದು ಅಧಿನಿಯಮ ಹೇಳಿಲ್ಲ. ಆದರೆ ಪಾಟೀಸವಾಲಿನಲ್ಲಿ 'ನಿಮಗೆ ಈ ವಿಷಯದಲ್ಲಿ ಯಾವ ತರಬೇತಿ ಇದೆ? ಯಾವ ಪರೀಕ್ಷೆ ಪಾಸಾಗಿದ್ದೀರಿ? ಎಷ್ಟು ಯಂತ್ರ ಪರೀಕ್ಷಿಸಿದ್ದೀರಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಗಣಕಯಂತ್ರ ರಿಪೇರಿಯ ಅನುಭವವೊಂದೇ ಅದಕ್ಕೆ ಉತ್ತರವಾಗಲಾರದು. ರಿಪೇರಿ ಮಾಡುವವರ ಗುರಿ ಯಂತ್ರ ಮತ್ತೆ ಓಡುವಂತೆ ಮಾಡುವುದು. ಪರೀಕ್ಷಕರ ಗುರಿ ಯಂತ್ರದಲ್ಲಿರುವ ಒಂದು ಅಕ್ಷರವೂ ಬದಲಾಗದಂತೆ ನೋಡುವುದು.

ಹ್ಯಾಶ್ ಮೌಲ್ಯದ ಪರಿಚಯ

ಹ್ಯಾಶ್ ಎಂದರೆ ದಾಖಲೆಯ ಬೆರಳಚ್ಚು. ಯಾವುದೇ ಗಾತ್ರದ ಫೈಲನ್ನು ಒಂದು ಗಣಿತ ಸೂತ್ರಕ್ಕೆ ಒಳಪಡಿಸಿದರೆ ನಿಗದಿತ ಉದ್ದದ ಅಕ್ಷರ-ಅಂಕಿಗಳ ಸಾಲೊಂದು ದೊರೆಯುತ್ತದೆ. ಎಸ್‌ಎಚ್‌ಎ-256 ಸೂತ್ರದಲ್ಲಿ ಆ ಸಾಲು 64 ಅಕ್ಷರಗಳದ್ದು. ಫೈಲಿನಲ್ಲಿ 1,10,000 ಎಂಬುದನ್ನು 1,70,000 ಎಂದು ಒಂದೇ ಅಂಕಿ ತಿದ್ದಿದರೂ ಇಡೀ ಸಾಲು ಬೇರೆಯಾಗುತ್ತದೆ. ಅನುಸೂಚಿಯ ನಮೂನೆಯಲ್ಲಿ ಎಂಡಿ5, ಎಸ್‌ಎಚ್‌ಎ-1, ಎಸ್‌ಎಚ್‌ಎ-256 ಮೂರನ್ನೂ ಹೆಸರಿಸಲಾಗಿದೆ. ಎಂಡಿ5ರ ದೌರ್ಬಲ್ಯ 2004ರಲ್ಲಿಯೂ ಎಸ್‌ಎಚ್‌ಎ-1ರ ದೌರ್ಬಲ್ಯ 2017ರಲ್ಲಿಯೂ ಪ್ರಯೋಗಪೂರ್ವಕವಾಗಿ ಸಿದ್ಧವಾಗಿರುವುದರಿಂದ ಎಸ್‌ಎಚ್‌ಎ-256 ಬಳಸುವುದೇ ಲೇಸು.

ಒಂದು ಮಾತನ್ನು ಮಾತ್ರ ಮರೆಯಬಾರದು. ಹ್ಯಾಶ್ ತೆಗೆದ ಕ್ಷಣದಿಂದೀಚೆಗೆ ದಾಖಲೆ ಬದಲಾಗಿಲ್ಲವೆಂಬುದನ್ನಷ್ಟೇ ಅದು ತೋರಿಸುತ್ತದೆ. ಅದಕ್ಕೂ ಮೊದಲು ತಿದ್ದಿದ್ದರೆ ತಿದ್ದಿದ ಲೆಕ್ಕಕ್ಕೇ ಹ್ಯಾಶ್ ಬರುತ್ತದೆ. ದಾವೆ ಹೂಡುವಾಗ ಮೊದಲ ಬಾರಿ ಹ್ಯಾಶ್ ತೆಗೆದರೆ, ಎರಡು ವರ್ಷ ಹಿಂದಿನ ನಮೂದು ಎರಡು ವರ್ಷ ಹಿಂದೆಯೇ ಇತ್ತೆಂದು ಅದರಿಂದ ಸಿದ್ಧವಾಗದು. ಪ್ರತಿ ತಿಂಗಳೂ ಹ್ಯಾಶ್ ತೆಗೆದು ಮೂರನೆಯವರ ಬಳಿ ಇಟ್ಟಿದ್ದರೆ ಮಾತ್ರ ಕಡತವು ಶಾಸನವಾಗುತ್ತದೆ.

ಲಭ್ಯವಿರುವ ಅರ್ಹತಾಪತ್ರಗಳು

ಆಸಕ್ತರ ಮುಂದೆ ಇರುವ ಮುಖ್ಯ ದಾರಿಗಳು ಹೀಗಿವೆ.

1. ಸನ್ನದು ಲೆಕ್ಕಪರಿಶೋಧಕರಿಗೆ: ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು ತನ್ನ ಸದಸ್ಯರಿಗಾಗಿ 'ಫೊರೆನ್ಸಿಕ್ ಅಕೌಂಟಿಂಗ್ ಆ್ಯಂಡ್ ಫ್ರಾಡ್ ಡಿಟೆಕ್ಷನ್' ಎಂಬ ಕೋರ್ಸನ್ನು ನಡೆಸುತ್ತಿದೆ. ಇಂತಹ ಕೆಲಸಕ್ಕೆಂದು ಸಂಸ್ಥೆ ರೂಪಿಸಿದ ಮಾನದಂಡಗಳು 2023ರ ಜುಲೈ 1ರಿಂದ ಸದಸ್ಯರಿಗೆ ಕಡ್ಡಾಯವಾಗಿವೆ. ಇದು ಮುಖ್ಯವಾಗಿ ಲೆಕ್ಕದ ವಂಚನೆ ಪತ್ತೆಹಚ್ಚುವ ವಿದ್ಯೆ. ಡಿಸ್ಕ್ ಪರೀಕ್ಷಿಸುವ ವಿದ್ಯೆಯನ್ನು ಇದರ ಜೊತೆಗೆ ಬೇರೆಯಾಗಿ ಕಲಿಯಬೇಕು.

2. ಗಣಕಯಂತ್ರ ಕ್ಷೇತ್ರದವರಿಗೆ: ಇಸಿ-ಕೌನ್ಸಿಲ್ ಸಂಸ್ಥೆಯ ಸಿಎಚ್‌ಎಫ್‌ಐ ಭಾರತದಲ್ಲಿ ಹೆಚ್ಚು ಪರಿಚಿತವಾದದ್ದು. ಪರೀಕ್ಷೆ 4 ಗಂಟೆಯದು, 150 ಬಹುಆಯ್ಕೆ ಪ್ರಶ್ನೆಗಳಿರುತ್ತವೆ. ಅಧಿಕೃತ ತರಬೇತಿ ಪಡೆದವರು ನೇರವಾಗಿ ಬರೆಯಬಹುದು. ಇಲ್ಲವಾದರೆ ಮಾಹಿತಿ ಸುರಕ್ಷತಾ ಕ್ಷೇತ್ರದ ಅನುಭವ ತೋರಿಸಿ ಅರ್ಜಿ ಸಲ್ಲಿಸಬೇಕು. ಪಡೆದ ನಂತರವೂ 3 ವರ್ಷಕ್ಕೊಮ್ಮೆ ನವೀಕರಿಸಬೇಕು.

3. ಪ್ರಾಯೋಗಿಕ ಪರಿಣತಿ ಬಯಸುವವರಿಗೆ: ಐಎಸಿಐಎಸ್ ಸಂಸ್ಥೆಯ ಸಿಎಫ್‌ಸಿಇ. ಇದರಲ್ಲಿ ಅಭ್ಯರ್ಥಿಯು ಕೊಟ್ಟ ಸಮಸ್ಯೆಗಳನ್ನು ಪರಿಹರಿಸಿ, ಮಾದರಿ ಡಿಸ್ಕನ್ನು ಪರೀಕ್ಷಿಸಿ, ವರದಿ ಬರೆಯಬೇಕು. ಓದಿ ಬರೆಯುವ ಪರೀಕ್ಷೆಗಿಂತ ಕಠಿಣ. ಹಾಗೆಯೇ ಹೆಚ್ಚು ಉಪಯುಕ್ತ. ಜಿಐಎಸಿ ಸಂಸ್ಥೆಯ ಜಿಸಿಎಫ್‌ಇ ಸಹ ಹೆಸರಾಂತದ್ದು, ಆದರೆ ಅದಕ್ಕೆ ಸಂಬಂಧಿಸಿದ ತರಬೇತಿಯ ವೆಚ್ಚ ಸಣ್ಣ ಊರಿನವರ ಕೈಗೆ ಎಟುಕುವುದು ಕಷ್ಟ.

4. ವಿದ್ಯಾರ್ಥಿಗಳಿಗೆ: 2020ರ ಅಧಿನಿಯಮದಿಂದ ಸ್ಥಾಪಿತವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಗಾಂಧಿನಗರದಲ್ಲಿದ್ದು, ಧಾರವಾಡದಲ್ಲಿಯೂ ಅದರ ಕ್ಯಾಂಪಸ್ ಇದೆ. ಪದವಿ ಪಡೆದು ಇದೇ ವೃತ್ತಿ ಹಿಡಿಯಬಯಸುವ ಮಲೆನಾಡಿನ ಯುವಕ ಯುವತಿಯರಿಗೆ ಇದು ಹತ್ತಿರದ ದಾರಿ.

ಯಾವುದನ್ನೇ ಆರಿಸಿಕೊಂಡರೂ ಮೂಲ ಪಾಠ ಒಂದೇ. ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ 'ರೈಟ್ ಬ್ಲಾಕರ್' ಮೂಲಕ ಯಂತ್ರಕ್ಕೆ ಜೋಡಿಸುವುದು. ಇಡೀ ಡಿಸ್ಕಿನ ಯಥಾವತ್ ಪ್ರತಿ ತೆಗೆದು ಮೂಲಕ್ಕೂ ಪ್ರತಿಗೂ ಹ್ಯಾಶ್ ಹೋಲಿಸುವುದು. ಮೂಲವನ್ನು ಮೊಹರು ಮಾಡಿ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುವುದು. ಯಾರ ಕೈಯಿಂದ ಯಾರ ಕೈಗೆ ಯಾವ ದಿನ ಹೋಯಿತೆಂದು ದಾಖಲಿಸುವುದು. ಕೊನೆಗೆ ಬೇರೊಬ್ಬ ಪರೀಕ್ಷಕ ಅದೇ ಪ್ರತಿಯಿಂದ ಅದೇ ಉತ್ತರ ಪಡೆಯುವಂತೆ ವರದಿ ಬರೆಯುವುದು. ಕಲಿಯಲು ಆಟಾಪ್ಸಿ, ಎಫ್‌ಟಿಕೆ ಇಮೇಜರ್‌ನಂತಹ ಉಚಿತ ತಂತ್ರಾಂಶಗಳು ಸಾಕು. ಹಳೆಯದೊಂದು ಗಣಕಯಂತ್ರವಿದ್ದರೆ ಅಭ್ಯಾಸವನ್ನು ಊರಿನಲ್ಲಿಯೇ ಮಾಡಬಹುದು.

ಲೆಕ್ಕ ಬಲ್ಲವರಿಗೆ ಈ ವಿದ್ಯೆ ಸೇರಿದರೆ ಆಗುವ ಪ್ರಯೋಜನವನ್ನು ಸತ್ಯಂ ಕಂಪ್ಯೂಟರ್ಸ್ ಹಗರಣ ತೋರಿಸಿಕೊಟ್ಟಿತು. 2009ರ ಜನವರಿ 7ರಂದು ಬಯಲಾದ ಆ ಪ್ರಕರಣದಲ್ಲಿ, ಕಂಪನಿಯ ಬಿಲ್ ವ್ಯವಸ್ಥೆಯೊಳಗೆ ಇತರರಿಗೆ ಕಾಣದಂತೆ ಅಡಗಿಸಿದ್ದ ಸಾವಿರಾರು ಸುಳ್ಳು ಬಿಲ್ಲುಗಳು ತನಿಖೆಯಲ್ಲಿ ಹೊರಬಿದ್ದವು. ಮುದ್ರಿತ ಲೆಕ್ಕಪತ್ರಗಳನ್ನು ಎಷ್ಟು ನೋಡಿದರೂ ಕಾಣದ ಸಂಗತಿ ಯಂತ್ರದ ಒಳಗಿತ್ತು.

ಅರ್ಹತಾಪತ್ರದ ಮಿತಿಗಳು

ಅರ್ಹತಾಪತ್ರ ಪಡೆದ ಮಾತ್ರಕ್ಕೆ ಎಲ್ಲವೂ ಸಾಧ್ಯವೆಂದು ತಿಳಿಯಬಾರದು. ಮೊದಲನೆಯದಾಗಿ, ತಜ್ಞರ ಸಹಿ ಲೆಕ್ಕವನ್ನು ಸತ್ಯವಾಗಿಸುವುದಿಲ್ಲ. ಅದು ದಾಖಲೆಯನ್ನು ನ್ಯಾಯಾಲಯದ ಬಾಗಿಲ ಒಳಗೆ ತರುತ್ತದೆ ಅಷ್ಟೇ. ಎರಡನೆಯದಾಗಿ, ಕಳೆದುಹೋದದ್ದೆಲ್ಲವನ್ನೂ ಮರಳಿ ತರಲಾಗದು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಳಿಸಿದ ಫೈಲು ಬಹಳ ಕಾಲ ಉಳಿದಿರಬಹುದು. ಹೊಸ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಭಾಗವನ್ನು ಯಂತ್ರವೇ ಬೇಗನೆ ತೆರವುಗೊಳಿಸುವುದರಿಂದ ಆ ಅವಕಾಶ ಕಡಿಮೆ. ಮೂರನೆಯದಾಗಿ, ವರ್ತಕರ ಸ್ವಂತ ನೌಕರರಿಂದಲೋ ಅದೇ ಲೆಕ್ಕವನ್ನು ಪರಿಶೋಧಿಸಿದವರಿಂದಲೋ 'ಬಿ' ಭಾಗಕ್ಕೆ ಸಹಿ ಹಾಕಿಸುವುದು ವಿವೇಕವಲ್ಲ. ಎದುರಾಳಿ ವಕೀಲರಿಗೆ ಅದೇ ಮೊದಲ ಅಸ್ತ್ರವಾಗುತ್ತದೆ. ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧವೆಂಬುದನ್ನು ಇಬ್ಬರೂ ನೆನಪಿಡಬೇಕು.

ಜೀವನೋಪಾಯದ ಪ್ರಶ್ನೆಯೂ ಇದೆ. ಎರಡು ತಾಲ್ಲೂಕುಗಳ ದಾವೆಗಳನ್ನು ಮಾತ್ರ ನಂಬಿ ಒಬ್ಬ ಪರೀಕ್ಷಕರು ಬದುಕುವುದು ಕಷ್ಟ. ಈಗಾಗಲೇ ಲೆಕ್ಕಪರಿಶೋಧನೆ, ತೆರಿಗೆ ಸಲಹೆ ಅಥವಾ ಗಣಕಯಂತ್ರ ಸೇವೆಯಲ್ಲಿರುವವರು ಇದನ್ನು ಹೆಚ್ಚುವರಿ ಅರ್ಹತೆಯಾಗಿ ಪಡೆಯುವುದೇ ಕಾರ್ಯಸಾಧ್ಯ. ಶಿಕಾರಿಪುರದವರೊಬ್ಬರು, ಸೊರಬದವರೊಬ್ಬರು ಹೀಗೆ ಅರ್ಹರಾದರೆ ಒಬ್ಬರ ಕಕ್ಷಿದಾರರಿಗೆ ಮತ್ತೊಬ್ಬರು ಸ್ವತಂತ್ರ ತಜ್ಞರಾಗಬಹುದು. ಪರೀಕ್ಷಾ ಶುಲ್ಕದ ಒಂದು ಭಾಗವನ್ನು ವರ್ತಕರ ಸಂಘಗಳು ಭರಿಸಿ, ಸದಸ್ಯರಿಗೆ ನಿಗದಿತ ದರದಲ್ಲಿ ಸೇವೆ ಎಂಬ ಷರತ್ತು ಹಾಕಿದರೆ ಇಬ್ಬರಿಗೂ ಲಾಭ.

ವರ್ತಕರು ಈ ತಿಂಗಳೇ ಮಾಡಬಹುದಾದದ್ದು

ತಜ್ಞರು ಸಿಗುವವರೆಗೆ ಕಾಯಬೇಕಿಲ್ಲ. ಮೂಲ ದಾಖಲೆ ಕೆಟ್ಟಿದ್ದರೆ ಯಾವ ತಜ್ಞರೂ ಸಹಾಯ ಮಾಡಲಾರರು. ಆದ್ದರಿಂದ ಈ ಕೆಳಗಿನ ಕ್ರಮಗಳು ಎಲ್ಲರಿಗೂ ಅಗತ್ಯ.

1. ತಂತ್ರಾಂಶದಲ್ಲಿ ತಿದ್ದುಪಡಿ ದಾಖಲೆ, ಅಂದರೆ ಎಡಿಟ್ ಲಾಗ್, ಸದಾ ಚಾಲನೆಯಲ್ಲಿರಲಿ. ಕಂಪನಿಗಳಿಗೆ ಇದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಜಿಎಸ್‌ಟಿ ನೋಂದಾಯಿತ ಇತರರಿಗೂ, ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆ ಇಡಬೇಕೆಂದು ಜಿಎಸ್‌ಟಿ ನಿಯಮ 56(8) ಹೇಳುತ್ತದೆ.

2. ಮಾಲೀಕರಿಗೂ ಗುಮಾಸ್ತರಿಗೂ ಬೇರೆ ಬೇರೆ ಬಳಕೆದಾರ ಹೆಸರು, ಗುಪ್ತಪದ ಇರಲಿ. ಎಲ್ಲರೂ ಒಂದೇ ಹೆಸರಿನಲ್ಲಿ ಕೆಲಸ ಮಾಡಿದರೆ ಯಾರು ತಿದ್ದಿದರೆಂದು ಯಾವ ಪರೀಕ್ಷಕರೂ ಹೇಳಲಾರರು.

3. ಪ್ರತಿ ತಿಂಗಳ ಕೊನೆಯ ದಿನ ಲೆಕ್ಕದ ಬ್ಯಾಕಪ್ಪನ್ನು ಒಂದೇ ಫೈಲಾಗಿ ಮಾಡಿ, ಅದರ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಆ ಸಾಲನ್ನು ಲೆಕ್ಕಪರಿಶೋಧಕರಿಗೆ ಇ-ಮೇಲ್ ಮಾಡಿ. ವಿಂಡೋಸ್‌ನಲ್ಲಿಯೇ ಇರುವ ಸರ್ಟ್‌ಯುಟಿಲ್ ಎಂಬ ಸೌಲಭ್ಯದಿಂದ ಇದನ್ನು ಖರ್ಚಿಲ್ಲದೆ ಮಾಡಬಹುದು. ಬ್ಯಾಕಪ್ ಫೈಲನ್ನು ತೆರೆಯದೆ ಹಾಗೆಯೇ ಪ್ರತ್ಯೇಕ ಡಿಸ್ಕಿನಲ್ಲಿ ಇಡಿ.

4. ವಾಟ್ಸ್‌ಆ್ಯಪ್ ಬೇಡಿಕೆ ಇರುವ ಮೊಬೈಲನ್ನು ಮಾರುವ ಮುನ್ನ, ಬದಲಿಸುವ ಮುನ್ನ ಬಾಕಿ ಇರುವ ಗ್ರಾಹಕರ ಸಂಭಾಷಣೆಯನ್ನು ಕಾಪಾಡಿ. ಪರದೆಯ ಚಿತ್ರವೊಂದೇ ಸಾಲದು. ವಿವಾದ ಆರಂಭವಾಗಿದ್ದರೆ ಮೊಬೈಲನ್ನೇ ತೆಗೆದಿಡುವುದು ಲೇಸು.

5. ಸಿಸಿಟಿವಿ ದೃಶ್ಯ ಕೆಲವು ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಸರಕು ತುಂಬಿದ ದಿನದ ಬಗ್ಗೆ ತಕರಾರು ಬಂದ ಕೂಡಲೇ ಪ್ರತಿ ತೆಗೆಸಿ.

6. ಬಾಕಿ ವಿವಾದವಾಗಿರುವ ಅವಧಿಯ ಲೆಕ್ಕವಿರುವ ಯಂತ್ರವನ್ನು ವೈರಸ್ ಎಂದೋ ನಿಧಾನವೆಂದೋ ಫಾರ್ಮ್ಯಾಟ್ ಮಾಡಿಸಬೇಡಿ. ಹಳೆಯ ಡಿಸ್ಕನ್ನು ತೆಗೆದು ದಿನಾಂಕ ಬರೆದು ಕಪಾಟಿನಲ್ಲಿಡಿ. ಹೊಸ ಡಿಸ್ಕಿನಲ್ಲಿ ವ್ಯವಹಾರ ಮುಂದುವರಿಸಿ. ಹೊಸ ಡಿಸ್ಕಿನ ಬೆಲೆ ಒಂದು ಲೋಡು ಜೋಳದ ಬೆಲೆಯ ಅತ್ಯಲ್ಪ ಭಾಗ.

7. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರಣೆಯ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಇಡಬೇಕು. ದಾವೆ ಅಥವಾ ಮೇಲ್ಮನವಿ ನಡೆಯುತ್ತಿದ್ದರೆ ಅದು ಅಂತಿಮವಾಗಿ ಮುಗಿದ ನಂತರ ಒಂದು ವರ್ಷದವರೆಗೂ ಇಡಿ.

ಉದ್ರಿ ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆ. ನಂಬಿಕೆ ಮುರಿದ ದಿನ ನ್ಯಾಯಾಲಯ ಕೇಳುವುದು ದಾಖಲೆಯನ್ನು, ಆ ದಾಖಲೆಯ ಕೆಳಗಿನ ಎರಡು ಸಹಿಗಳನ್ನು. ಮೊದಲ ಸಹಿ ವರ್ತಕರದೇ. ಧೈರ್ಯವಾಗಿ ಸಹಿ ಹಾಕುವಂತೆ ಲೆಕ್ಕ ಇಡುವುದು ಅವರ ಕೈಯಲ್ಲಿದೆ. ಎರಡನೆಯ ಸಹಿ ಹಾಕಬಲ್ಲವರನ್ನು ತಮ್ಮ ಊರಿನಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಶಿಕಾರಿಪುರ ಮತ್ತು ಸೊರಬದ ವರ್ತಕ ಸಮುದಾಯ ಒಟ್ಟಾಗಿ ಮಾಡಬೇಕಾದ ಕೆಲಸ.